ತೊಳೆದ ಮುಖ

ನಮ್ಮ ಮನೆಗೆ ಬಂದವರು ಮೊದಲು ದೇವರ ಗೂಡಿನ ಕಡೆ ನೋಡುತ್ತಾರೆ, ಆಮೇಲೆ ನನ್ನ ಮುಖ ನೋಡುತ್ತಾರೆ. ಗೂಡಿನಲ್ಲಿ ಎರಡು ಹಿತ್ತಾಳೆ ದೀಪ, ಒಂದು ಗಂಟೆ, ಒಂದು ಆರತಿ ತಟ್ಟೆ ಇವೆ. ನಾಲ್ಕೂ ಕಪ್ಪಗಿವೆ. ಹಂಡೆಯ ತಳದಷ್ಟು ಕಪ್ಪಲ್ಲ ಅನ್ನಿ, ಆದರೂ ಸಂಸಾರಸ್ಥೆಯೊಬ್ಬಳ ಮನೆಯಲ್ಲಿ ಇರಬಾರದಷ್ಟು ಕಪ್ಪು. ಮೊನ್ನೆ ಪಕ್ಕದ ಮನೆಯ ಸೊಸೆ ಒಂದು ಸಣ್ಣ ಬಾಟಲಿ ತಂದುಕೊಟ್ಟಳು. ಬಟ್ಟೆಗೆ ಎರಡು ಹನಿ ಹಾಕಿ ಒರೆಸಿದರೆ ಸಾಕಂತೆ, ಹೊಸದರ ಹಾಗೆ ಹೊಳೆಯುತ್ತದಂತೆ. "ಆಂಟೀ, ನಿಮಗೆ ಆಗಲ್ಲಾಂದ್ರೆ ಹೇಳ್ರಿ, ನಾನೇ ಬಂದು ತಿಕ್ಕಿ ಕೊಡ್ತೀನಿ" ಅಂದಳು. ಒಳ್ಳೆಯ ಹುಡುಗಿ. ಸೊಂಟ ನೋವು ಎಂದು ಹೇಳಿ ಬಾಟಲಿ ಇಸಿದುಕೊಂಡು ಅಡುಗೆಮನೆಯ ಮೇಲಿನ ಗೂಡಿನಲ್ಲಿ, ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟೆ. ಅಲ್ಲಿ ಇಂಥ ಬಾಟಲಿಗಳು ಆಗಲೇ ಮೂರು ಇವೆ.

ಸೊಂಟ ನೋವು ಸುಳ್ಳಲ್ಲ. ಆದರೆ ದೀಪ ತಿಕ್ಕದೆ ಇರುವುದಕ್ಕೆ ಕಾರಣ ಬೇರೆ. ಅದನ್ನು ಹೇಳಹೊರಟರೆ ದೊಡ್ಡ ಕತೆ, ಹೇಳುವುದಕ್ಕೂ ಈಗೀಗ ದಣಿವಾಗುತ್ತದೆ. ಆದರೂ ನೀವು ಗೊತ್ತಿದ್ದವರು, ಬಂದು ಕೂತಿದ್ದೀರಿ, ಲೋಟದಲ್ಲಿ ಕಾಫಿ ಇನ್ನೂ ಇದೆ. ಹೇಳಿಬಿಡುತ್ತೇನೆ.

ಚನ್ನಗಿರಿಯಲ್ಲಿ ನಮ್ಮದು ಐದು ಜನ ಹೆಣ್ಣುಮಕ್ಕಳ ಮನೆ. ಗುರುವಾರ ಸಂಜೆ ಎಂದರೆ ಹಿತ್ತಲಿನ ಒಗೆಯುವ ಕಲ್ಲಿನ ಸುತ್ತ ನಾವೈವರೂ ಕುಕ್ಕರಗಾಲಲ್ಲಿ ಕೂತಿರಬೇಕು. ಶುಕ್ರವಾರದ ಪೂಜೆಗೆ ಮನೆಯ ಹಿತ್ತಾಳೆ, ತಾಮ್ರ ಎಲ್ಲ ಬೆಳಗಬೇಕು. ಬಚ್ಚಲೊಲೆಯ ಬೂದಿ ಜರಡಿ ಹಿಡಿಯುವುದು ಒಬ್ಬಳ ಕೆಲಸ, ತೆಂಗಿನ ನಾರು ಉಂಡೆ ಕಟ್ಟುವುದು ಇನ್ನೊಬ್ಬಳದು. ನನ್ನದು ಹಳೇ ಹುಣಸೆಹಣ್ಣಿನಲ್ಲಿ ಬೀಜ ಹುಡುಕಿ ತೆಗೆಯುವುದು. ಬೆರಳಿನಲ್ಲಿ ಎಲ್ಲಾದರೂ ಗಾಯವಿದ್ದರೆ ಹುಣಸೆಹಣ್ಣಿಗೆ ಅದು ಹೇಗೋ ಗೊತ್ತಾಗಿಬಿಡುತ್ತಿತ್ತು. ಉರಿಗೆ ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಿಸುವಂತಿರಲಿಲ್ಲ. ಎಲ್ಲ ಮುಗಿದ ಮೇಲೆ ಅಮ್ಮ ಬಂದು ಒಂದೊಂದೇ ತಂಬಿಗೆ ಎತ್ತಿ ನಮ್ಮ ಮುಖದ ಮುಂದೆ ಹಿಡಿಯುತ್ತಿದ್ದಳು.

"ಮುಖ ಕಾಣ್ತೈತಾ?"

"ಮೂಗು ಕಾಣ್ತೈತೆ."

"ಮೂಗು ಯಾರಿಗೆ ಬೇಕು? ಹಲ್ಲು ಕಾಣಬೇಕು. ತಿಕ್ಕು."

ಹಲ್ಲು ಕಾಣುವವರೆಗೆ ತಿಕ್ಕುತ್ತಿದ್ದೆವು. ಮುಂದೆ ಶಿವಮೊಗ್ಗದ ಕಾಲೇಜಿಗೆ ಹೋಗಿ ಇತಿಹಾಸದಲ್ಲಿ ಬಿ.ಎ. ಮಾಡಿದೆ. ಅಲ್ಲಿ ಓದಿದ ರಾಜರೆಲ್ಲ ಪರೀಕ್ಷೆ ಮುಗಿದ ವಾರಕ್ಕೇ ತಲೆಯಿಂದ ಇಳಿದು ಹೋದರು. ಎದೆ ಮುಟ್ಟಿಕೊಂಡು ನನಗೆ ಬರುತ್ತದೆ ಎಂದು ಹೇಳಬಹುದಾದ ವಿದ್ಯೆ ಹಿತ್ತಾಳೆ ತಿಕ್ಕುವುದು ಒಂದೇ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮೂರಿನ ಅಡಿಕೆ ಮಂಡಿಯ ಸಾಹುಕಾರರೊಬ್ಬರಿಗೆ ಒಂದು ವಿಚಿತ್ರ ಹುಚ್ಚು ಹಿಡಿಯಿತು. ಯಾವುದೋ ಪ್ರವಾಸಕ್ಕೆ ಹೋದವರು ಅಲ್ಲಿ ಒಂದು ಮ್ಯೂಸಿಯಂ ನೋಡಿ ಬಂದರು. ಬಂದವರೇ, ನಮ್ಮ ಸೀಮೆಯ ದೇವರ ಸಾಮಾನು, ಕಲ್ಲಿನ ವಿಗ್ರಹ ಎಲ್ಲ ಹಾಳಾಗಿ ಹೋಗುತ್ತಿದೆ, ನಾವೂ ಒಂದು ಕಲಾ ಸಂಗ್ರಹಾಲಯ ಮಾಡೋಣ ಎಂದು ಹೊರಟರು. ಮಂಡಿಯ ಗೋದಾಮಿನ ಮಹಡಿ ಖಾಲಿಯಿತ್ತು. ಗಾಜಿನ ಕಪಾಟುಗಳು ಬಂದವು, ಹೊರಗೆ ಬೋರ್ಡು ಬಂತು. ಊರಿನವರು ಮಾತ್ರ ಬೋರ್ಡು ಓದದೆ ಅದನ್ನು ಗೊಂಬೆ ಮನೆ ಎಂದೇ ಕರೆದರು. ವಸ್ತುಗಳ ಮುಂದೆ ಚೀಟಿ ಬರೆದಿಡಲು, ರಿಜಿಸ್ಟರು ನೋಡಿಕೊಳ್ಳಲು ಒಬ್ಬರು ಬೇಕಾಗಿದ್ದರು. ನನ್ನ ಅಕ್ಷರ ದುಂಡಗಿತ್ತು. ಕೆಲಸ ಸಿಕ್ಕಿತು. ಅಮ್ಮ ಮಾತ್ರ "ಓದಿಸಿದ್ದು ಇನ್ನೊಬ್ಬರ ಮನೆ ದೇವರ ಸಾಮಾನು ಕಾಯಾಕಾ?" ಎಂದು ಬಹಳ ದಿನ ಗೊಣಗಿದಳು.

ಸಂಗ್ರಹಾಲಯಕ್ಕೆ ಮುಖ್ಯಸ್ಥರು ಒಬ್ಬ ಮೇಷ್ಟ್ರು. ಹೊನ್ನಾಳಿಯ ಕಡೆ ಡ್ರಾಯಿಂಗ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಬೇಸಿಗೆಯಲ್ಲೂ ಕೋಟು, ಕೋಟಿನ ಜೇಬಿನಲ್ಲಿ ನಶ್ಯದ ಡಬ್ಬಿ. ಇನ್ನೊಬ್ಬ ರಹಮತ್. ಮಂಡಿಯ ವ್ಯಾನು ಓಡಿಸುತ್ತಿದ್ದ, ನಮ್ಮ ವಸ್ತುಗಳನ್ನೂ ಅದರಲ್ಲೇ ತರುತ್ತಿದ್ದ. ಅವನ ಅಪ್ಪ ಮನೆಮನೆಗೆ ಹೋಗಿ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು. ಹಾಗಾಗಿ ಲೋಹ ಯಾವುದು, ಎಷ್ಟು ಹಳೆಯದು ಎಂಬುದರಲ್ಲಿ ನಮ್ಮಿಬ್ಬರಿಗಿಂತ ರಹಮತ್ತನ ಮಾತಿಗೇ ಹೆಚ್ಚು ಬೆಲೆ.

ಕಲ್ಲುಗಳನ್ನು ಮಹಡಿಗೆ ಹತ್ತಿಸುವುದು ಸಾಧ್ಯವಿರಲಿಲ್ಲ. ನಲ್ಲೂರಿನ ಕಡೆಯ ಹೊಲದಲ್ಲಿ ಸಿಕ್ಕ ವೀರಗಲ್ಲು, ತಲೆ ಇಲ್ಲದ ಒಂದು ಬಸವಣ್ಣ, ನಾಲ್ಕು ನಾಗರಕಲ್ಲು ಇವೆಲ್ಲ ಕೆಳಗೆ ಅಂಗಳದಲ್ಲೇ ಉಳಿದವು. ಕೆರೆಬಿಳಚಿಯಿಂದ ಸಂತೆಗೆ ಬಂದ ಹೆಂಗಸರು ಹೋಗುವಾಗ ನಾಗರಕಲ್ಲಿಗೆ ಒಂದು ತೊಟ್ಟು ಹಾಲು ಬಿಟ್ಟು ಹೋಗುತ್ತಿದ್ದರು. ಮೇಷ್ಟ್ರು ರೇಗಿದರು. 'ಇಲ್ಲಿ ಪೂಜೆ ಮಾಡಬಾರದು' ಎಂದು ನನ್ನಿಂದಲೇ ದಪ್ಪಕ್ಷರದಲ್ಲಿ ಬೋರ್ಡು ಬರೆಸಿ ನಿಲ್ಲಿಸಿದರು. ಮುಂದಿನ ವಾರ ನೋಡಿದರೆ ಬೋರ್ಡಿಗೂ ಅರಿಶಿನ ಕುಂಕುಮ ಬಿದ್ದಿತ್ತು. ಮೇಷ್ಟ್ರು ಅದನ್ನು ಕಿತ್ತು ಗೋದಾಮಿಗೆ ಹಾಕಿಸಿ, "ಹೋಗ್ಲಿ ಬಿಡಮ್ಮ, ಇನ್ನು ನಾಲ್ಕು ದಿನ ಅಲ್ಲೇ ನಿಂತ್ರೆ ನನಗೂ ಹಚ್ತಾರೆ" ಅಂದರು.

ನ್ಯಾಮತಿಯಿಂದ ಬಂದ ದೋಣಿಯ ವಿಷಯವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮರೆತುಹೋಗುತ್ತದೆ. ಅದು ನೀರಿನ ದೋಣಿಯಲ್ಲ, ಮೈಲಾರಲಿಂಗನ ಗೊರವರು ಇಟ್ಟುಕೊಳ್ಳುವ ಮರದ ಬೋಗುಣಿ. ಭಕ್ತರು ಅದರಲ್ಲಿ ಹಾಲು, ಹಣ್ಣು, ಬೆಲ್ಲ ತುಂಬಿಸುತ್ತಾರೆ, ಗೊರವರು ಮಂಡಿಯೂರಿ ಕೈ ಹಚ್ಚದೆ ತಿನ್ನುತ್ತಾರೆ. ಬಿ.ಎ. ಓದಿದ ನಾನು ಅದಕ್ಕೆ 'ಹಿಟ್ಟು ನಾದುವ ಮರಿಗೆ' ಎಂದು ಚೀಟಿ ಬರೆದು ಅಂಟಿಸಿದ್ದೆ. ಕೊಟ್ಟ ಗೊರವಪ್ಪನೇ ಒಂದು ದಿನ ನೋಡಲು ಬಂದು, ಯಾರಿಂದಲೋ ಚೀಟಿ ಓದಿಸಿ, ನಕ್ಕು ನಕ್ಕು ಕೆಮ್ಮಿದ. ಅವನ ಮಕ್ಕಳು ದೀಕ್ಷೆ ತೆಗೆದುಕೊಂಡಿರಲಿಲ್ಲ, ಹಾಗಾಗಿ ನಮಗೆ ಕೊಟ್ಟಿದ್ದ. ಹೋಗುವಾಗ ಮಾತ್ರ ನಗಲಿಲ್ಲ. "ಖಾಲಿ ಇಡಬ್ಯಾಡ್ರೀ ಅಕ್ಕಾರೇ, ಅದಕ್ಕೆ ಹಸಿವಾಗ್ತೈತೆ" ಅಂದ. ಅವತ್ತಿನಿಂದ ಪ್ರತಿ ಭಾನುವಾರ ದೋಣಿಯೊಳಗೆ ಒಂದು ಬಾಳೆಹಣ್ಣು ಇಡುತ್ತಿದ್ದೆ. ಇದೇನು ಛತ್ರವಾ, ಇರುವೆ ಬರುತ್ತವೆ ಎಂದು ಮೇಷ್ಟ್ರು ಗದರಿದರು. ಆದರೆ ಸೋಮವಾರ ಬರುವಷ್ಟರಲ್ಲಿ ಹಣ್ಣು ಇರುತ್ತಿರಲಿಲ್ಲ, ಮೇಷ್ಟ್ರ ಕೋಟಿನ ಜೇಬಿನಿಂದ ಸಿಪ್ಪೆಯ ತೊಟ್ಟು ಇಣುಕುತ್ತಿತ್ತು.

ಇದನ್ನು ಯಾಕೆ ಹೇಳಿದೆನೆಂದರೆ, ಜನ ಹೇಳಿದ್ದನ್ನು ನಾನು ಕೇಳುತ್ತಿರಲಿಲ್ಲ ಎಂದು ನೀವು ತಿಳಿಯಬಾರದು. ಕೇಳುತ್ತಿದ್ದೆ, ಪಾಲಿಸುತ್ತಲೂ ಇದ್ದೆ. ಒಂದೇ ಒಂದು ಸಲ ಮರೆತೆ.

ಜಗಳೂರಿನಿಂದ ಆಚೆ, ಬಸ್ಸು ನಿಲ್ಲುವಲ್ಲಿಂದ ಎರಡು ಮೈಲಿ ನಡೆದರೆ ಒಂದು ಸಣ್ಣ ಹಳ್ಳಿ. ಅಲ್ಲಿನ ದೇವತೆ ಹಿರಿಯವ್ವ. ಮೂರ್ತಿಯಿಲ್ಲ, ಊಟದ ತಟ್ಟೆಯಷ್ಟು ಅಗಲದ ಹಿತ್ತಾಳೆಯ ಮುಖ ಮಾತ್ರ. ಆ ವರ್ಷ ಸುತ್ತಮುತ್ತ ಗುಡಿಗಳಲ್ಲಿ ಕಳ್ಳತನ ಹೆಚ್ಚಾಗಿತ್ತು. ಹಿರಿಯವ್ವನ ಗುಡಿಯೆಂದರೆ ಮಣ್ಣಿನ ಗೋಡೆಯ ಒಂದು ಕೋಣೆ, ಮೇಕೆ ತಳ್ಳಿದರೂ ತೆರೆದುಕೊಳ್ಳುವ ಬಾಗಿಲು. ಊರಿನವರು ಹೆದರಿ, ಕಲ್ಲಿನ ಗುಡಿ ಕಟ್ಟುವವರೆಗೆ ಅವ್ವನನ್ನು ನೀವು ಇಟ್ಟುಕೊಳ್ಳಿ ಎಂದು ಸಾಹುಕಾರರಿಗೆ ಹೇಳಿಕಳಿಸಿದರು. ರಹಮತ್ತನ ವ್ಯಾನಿನಲ್ಲಿ ಮೇಷ್ಟ್ರೂ ನಾನೂ ಹೋದೆವು.

ಮುಖವನ್ನು ಮೊದಲ ಸಲ ನೋಡಿದಾಗ ಅದು ಹಿತ್ತಾಳೆಯೆಂದು ನನಗೆ ಗೊತ್ತೇ ಆಗಲಿಲ್ಲ. ಮೇಲಿಂದ ಮೇಲೆ ಅರಿಶಿನ, ಕುಂಕುಮ, ಹರಳೆಣ್ಣೆ ಮೆತ್ತಿ ಮೆತ್ತಿ ಒಂದು ಬೆರಳು ದಪ್ಪ ಕಟ್ಟಿತ್ತು. ಮೂಗು ಮೊಂಡಾಗಿ, ಕೆನ್ನೆ ಜೋತು, ಕಣ್ಣು ಒಳಗೆ ಸೇರಿ, ಹಲ್ಲಿಲ್ಲದ ಮುದುಕಿಯೊಬ್ಬಳು ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ನಮ್ಮ ಕೈಗೆ ಕೊಟ್ಟವಳು ಹನುಮಕ್ಕ. ಪೂಜಾರಿಯ ವಿಧವೆ, ಗಂಡ ಹೋದ ಮೇಲೆ ತಾನೇ ಪೂಜೆ ನೋಡಿಕೊಂಡಿದ್ದಳು. ಕುಳ್ಳಗೆ, ಕಡ್ಡಿಯಂಥ ಕೈಕಾಲು, ದೊಡ್ಡ ದನಿ.

"ನೀರು ಮುಟ್ಟಿಸಬ್ಯಾಡ್ರಿ. ನಮ್ಮವ್ವಗೆ ತೊಳೆಯೋ ಪದ್ಧತಿ ಇಲ್ಲ" ಅಂದಳು. "ಈ ಊರಿಗೆ ಬಂದ ಹೊಸ ಸೊಸೆದೇರು ಒಂದೊಂದು ಸಲ ಹೆಬ್ಬೆಟ್ಟಲ್ಲಿ ಅರಿಶಿನ ಹಚ್ತಾರೆ. ಹಚ್ಚಿದ ಮ್ಯಾಲೇನೇ ಆಕೆ ಊರ ಸೊಸೆ. ಅಲ್ಲೀತನಕ ನೆಂಟರಾಕಿ ಇದ್ದಂಗೆ, ಹಬ್ಬದ ಒಲೆ ಮುಟ್ಟಂಗಿಲ್ಲ. ನಂದೂ ಐತೆ ಇದ್ರಾಗೆ. ನಮ್ಮತ್ತೇದೂ ಐತೆ. ಅವರತ್ತೇದೂ ಐತೆ."

"ಎಷ್ಟು ಜನರದ್ದು ಇದ್ದೀತು?" ಎಂದು ಮೇಷ್ಟ್ರು ಕೇಳಿದರು.

"ಅದನ್ನ ಅವ್ವನ್ನೇ ಕೇಳ್ರಿ."

ವರ್ಷಕ್ಕೊಂದು ಸಲ, ಉಗಾದಿ ಮುಗಿದ ಮೇಲೆ, ಹೊಸ ಸೊಸೆಯಂದಿರನ್ನು ಕರೆದುಕೊಂಡು ಬಂದು ಅರಿಶಿನ ಹಚ್ಚಿಸಿ ಹೋಗುವುದಾಗಿ ಮಾತಾಯಿತು. ಮೇಷ್ಟ್ರು ಒಪ್ಪಿದರು. ಜಗಳೂರಿನಿಂದ ಚನ್ನಗಿರಿಯವರೆಗೂ ಹನುಮಕ್ಕ ವ್ಯಾನಿನಲ್ಲಿ ಅವ್ವನನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡೇ ಬಂದಳು. ಗುಂಡಿ ಸಿಕ್ಕಿದಾಗಲೆಲ್ಲ "ಸಾಬ್ರೇ, ನಿಧಾನ, ಅವ್ವಗೆ ಗಾಡಿ ಹೊಸದು" ಅನ್ನುತ್ತಿದ್ದಳು. ರಹಮತ್ ಎತ್ತಿನ ಗಾಡಿಯ ವೇಗದಲ್ಲಿ ಓಡಿಸಿದ. ಅವತ್ತೇ ರಿಜಿಸ್ಟರಿನಲ್ಲಿ ಬರೆದೆ: 'ಹಿರಿಯವ್ವನ ಮುಖ, ಹಿತ್ತಾಳೆ. ನೀರು ಮುಟ್ಟಿಸಬಾರದು. ಸ್ಥಳೀಯ ಪದ್ಧತಿ.' ದುಂಡನೆಯ ಅಕ್ಷರ, ಕೆಳಗೆ ಗೆರೆ ಬೇರೆ.

ಮೂರು ವರ್ಷ ಎಲ್ಲ ಮಾತಿನಂತೆ ನಡೆಯಿತು. ಎರಡು ಬಸ್ಸು ಬದಲಿಸಿ ಹನುಮಕ್ಕ ಬರುತ್ತಿದ್ದಳು, ಹಿಂದೆ ಸೆರಗು ಎಳೆದುಕೊಂಡ ಒಬ್ಬಳೋ ಇಬ್ಬರೋ ಸೊಸೆಯಂದಿರು. ನಾನು ಗಾಜಿನ ಬಾಗಿಲು ತೆಗೆಯುತ್ತಿದ್ದೆ. ಹುಡುಗಿ ಹೆಬ್ಬೆಟ್ಟು ಒತ್ತಿ ಹಿಂದೆ ಸರಿದ ಕೂಡಲೇ ಹನುಮಕ್ಕ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟು "ಆತು, ಇನ್ನು ನೀನು ನಮ್ಮಾಕಿ" ಅನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಮೇಲೆ ಕೆಳಗೆ ಕೂತು ಬುತ್ತಿ ಬಿಚ್ಚಿ ನಮಗೂ ರೊಟ್ಟಿ ಕೊಡುತ್ತಿದ್ದರು. ಕಲ್ಲಿನ ಗುಡಿಯ ಮಾತು ಮಾತ್ರ ಇದ್ದಲ್ಲೇ ಇತ್ತು.

ನಾಲ್ಕನೆಯ ವರ್ಷ ಮಾಘ ಮಾಸದಲ್ಲಿ ಬೆಂಗಳೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಸಂಗ್ರಹಾಲಯ ನೋಡಲು ಬರುತ್ತಾರೆ ಎಂದು ಸಾಹುಕಾರರು ಓಡಿ ಬಂದು ಹೇಳಿದರು. ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ಹೊನ್ನಾಳಿಗೆ ಹೊರಟಿದ್ದರು. ಹೋಗುವಾಗ "ಎಲ್ಲಾ ಒಂಚೂರು ಚೊಕ್ಕಟ ಮಾಡ್ಸಿಡಮ್ಮ" ಎಂದು ಹೇಳಿ ಹೋದರು. ಅವರು ಹೇಳಿದ್ದು ನೆಲ, ಗಾಜು, ಜೇಡರ ಬಲೆ. ನನಗೆ ಚೊಕ್ಕಟವೆಂದರೆ ಗುರುವಾರ ಸಂಜೆ.

ಮೊದಲು ಗಂಟೆಗಳನ್ನು ತಿಕ್ಕಿದೆ. ಹೊನ್ನಾಳಿಯ ದಾಸಯ್ಯ ಕೊಟ್ಟ ಜಾಗಟೆ ತಿಕ್ಕಿದೆ. ಕೈ ಬಿಸಿಯೇರಿತು. ಹಿಂದಿನ ಕಲ್ಲಿನ ಬಾನಿಯ ಹತ್ತಿರ ಎಳೆಬಿಸಿಲಿತ್ತು, ಪಕ್ಕದಲ್ಲಿ ಹುಣಸೆಹಣ್ಣು ನೆನೆದಿತ್ತು. ಹಿರಿಯವ್ವನನ್ನು ಎತ್ತಿಕೊಂಡು ಬಂದೆ. ಆಗ ರಿಜಿಸ್ಟರಿನ ಮಾತು ನೆನಪಿಗೆ ಬಂತೇ ಎಂದು ನೀವು ಕೇಳುತ್ತೀರಿ. ಬರಲಿಲ್ಲ. ಆಮೇಲೆ ಎಷ್ಟೋ ಸಲ ನನ್ನನ್ನು ನಾನೇ ಪಾಟೀಸವಾಲು ಮಾಡಿಕೊಂಡಿದ್ದೇನೆ, ಒಂದು ಕ್ಷಣವಾದರೂ ಬಂದಿತ್ತೇ ಎಂದು. ಬಂದಿರಲಿಲ್ಲ. ಪಾಪ, ಎಷ್ಟು ವರ್ಷವಾಯಿತೋ ಇವಳ ಮುಖ ತೊಳೆದು, ಯಾರೂ ನೋಡಿಕೊಂಡಿಲ್ಲ ಎಂದು ಮರುಗಿದೆ. ಅದೇ ಈಗ ಹೆಚ್ಚು ಸಂಕಟ ಕೊಡುತ್ತದೆ.

ಮೊದಲು ಕೆಂಪು ನೀರು ಹೋಯಿತು, ಆಮೇಲೆ ಹಳದಿ, ಆಮೇಲೆ ಎಣ್ಣೆಯ ಕಪ್ಪು. ಹರಳೆಣ್ಣೆಯ ಹಳೇ ವಾಸನೆ ಅಂಗಳವೆಲ್ಲ ತುಂಬಿತು. ತೆಂಗಿನ ಚಿಪ್ಪಿನಿಂದ ಮೆಲ್ಲಗೆ ಕೆರೆದರೆ ಅಚ್ಚಿನಿಂದ ಬೆಲ್ಲ ಬಿಟ್ಟ ಹಾಗೆ ಚಕ್ಕೆಚಕ್ಕೆಯಾಗಿ ಬಿಡುತ್ತಿತ್ತು. ಒಳಗಿನಿಂದ ಚೂಪಾದ ಮೂಗು ಬಂತು. ತಿದ್ದಿದ ಹುಬ್ಬು ಬಂತು. ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗೆ ಬಂತು. ನನಗೆ ಆದ ಖುಷಿಯನ್ನು ಬಚ್ಚಿಟ್ಟು ಏನು ಮಾಡಲಿ? ಹಾಡಿಕೊಂಡು ತಿಕ್ಕಿದೆ. ಕೊನೆಗೆ ಅವಳ ಕೆನ್ನೆಯಲ್ಲಿ ನನ್ನ ಹಲ್ಲು ಕಂಡಿತು.

ಚಹಾ ತಂದ ರಹಮತ್ ಲೋಟ ಹಿಡಿದುಕೊಂಡೇ ನಿಂತ. "ಅಕ್ಕಾ, ಇದ್ಯಾರು?" ಅಂದ.

"ಹಿರಿಯವ್ವ ಕಣೋ. ಹೆಂಗೆ ಮಾಡೀನಿ ನೋಡು."

ಅವನು ಬಾನಿಯಲ್ಲಿ ನಿಂತ ನೀರನ್ನು ನೋಡಿದ. "ನಮ್ಮಪ್ಪ ಕಲಾಯಿ ಹಾಕಾಕೆ ಮುಂಚೆ ಪಾತ್ರೆ ಯಾರದ್ದು ಅಂತ ಮೂರು ಸಲ ಕೇಳ್ತಿದ್ರು ಅಕ್ಕಾ" ಎಂದು ಹೇಳಿ, ಲೋಟ ಕಲ್ಲಿನ ಮೇಲಿಟ್ಟು ಹೋದ. ಇವನಿಗೆ ಹೊಟ್ಟೆಕಿಚ್ಚು ಅಂದುಕೊಂಡೆ.

ಅಧಿಕಾರಿ ಬಂದರು. ಬೇರೆ ಎಲ್ಲ ಕಪಾಟುಗಳ ಮುಂದೆ ನಡೆದುಕೊಂಡೇ ಹೋದವರು ಹಿರಿಯವ್ವನ ಮುಂದೆ ನಿಂತುಬಿಟ್ಟರು. "ಆಹಾ, ಎಂಥ ಮಂದಹಾಸ!" ಅಂದರು. ಸಂದರ್ಶಕರ ಪುಸ್ತಕದಲ್ಲೂ ಅದನ್ನೇ ಬರೆದರು. ಸಾಹುಕಾರರ ಮುಖ ಊರಗಲವಾಯಿತು. ಅವತ್ತೇ ಬೆಳಗಿನ ಬಸ್ಸಿಗೆ ಬಂದಿದ್ದ ಮೇಷ್ಟ್ರು ದವಡೆಗೆ ಕರವಸ್ತ್ರ ಒತ್ತಿಕೊಂಡು ಹಿಂದೆ ನಿಂತಿದ್ದರು. ಹಲ್ಲು ನೋವಿನಿಂದ ಮಾತಾಡುತ್ತಿಲ್ಲ ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಅವರು ಸ್ಟೂಲಿನ ಮೇಲೆ ಕೂತರು. ರಿಜಿಸ್ಟರು ತರಲು ಹೇಳಿದರು. ಪುಟ ತಿರುವಿ, ನನ್ನ ಕಡೆ ತಿರುಗಿಸಿ, ಬೆರಳಿಟ್ಟು ತೋರಿಸಿದರು. ನನ್ನದೇ ಅಕ್ಷರ, ನಾನೇ ಎಳೆದ ಗೆರೆ.

"ಹಿತ್ತಾಳೆ ಯಾರು ಬೇಕಾದ್ರೂ ಎರಕ ಹುಯ್ತಾರಮ್ಮ" ಅಂದರು. ಬಾಯಿ ಊದಿತ್ತು, ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. "ಮೇಲಿದ್ದದ್ದೇ ಅವ್ವ. ಆ ಹಳ್ಳಿಗೆ ಬಂದ ಹೆಣ್ಣುಮಕ್ಕಳೆಲ್ಲ ಇದ್ರು ಅದ್ರಾಗೆ."

ನಾನು ಅತ್ತೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹನುಮಕ್ಕನಿಗೆ ನೀವೇ ಹೇಳಿ ಎಂದು ಬೇಡಿಕೊಂಡೆ. "ಹೇಳೋದು ನಿನ್ನ ಕೆಲಸ. ನಾನು ಹೇಳಿದ್ರೆ ನಿನ್ನ ಮೇಲೆ ಚಾಡಿ ಹೇಳಿದಂಗೆ ಆಗ್ತೈತೆ" ಎಂದು ಎದ್ದು ಹೋದರು.

ಉಗಾದಿ ಮುಗಿಯಿತು. ಹನುಮಕ್ಕ ಒಬ್ಬ ಸೊಸೆಯನ್ನು ಕರೆದುಕೊಂಡು ಬಂದಳು. ಮೆಟ್ಟಿಲು ಹತ್ತುವಾಗಲೇ ಅವಳ ದನಿ ಕೇಳಿಸಿತು. ಹೇಳಬೇಕಾದ ಮಾತನ್ನು ಒಂದು ತಿಂಗಳಿನಿಂದ ಉರು ಹೊಡೆದಿದ್ದೆ. ಅವಳು ನೇರವಾಗಿ ಕಪಾಟಿನ ಹತ್ತಿರ ಹೋದಳು, ಹಿರಿಯವ್ವನನ್ನು ನೋಡಿದಳು, ಹಾಗೇ ದಾಟಿ ಮುಂದಿನ ಕಪಾಟಿಗೆ ಹೋದಳು. ಅಲ್ಲೂ ನೋಡಿದಳು. ಎಲ್ಲ ಕಪಾಟು ನೋಡಿ ತಿರುಗಿ ಬಂದಳು.

"ನಮ್ಮವ್ವನ್ನ ಎಲ್ಲಿ ಇಟ್ಟೀರಿ ತಾಯೀ?"

ಉರು ಹೊಡೆದ ಮಾತು ಬರಲಿಲ್ಲ. "ಬೆಂಗಳೂರಿಗೆ ಕಳಿಸೇವಿ ಹನುಮಕ್ಕಾ. ಅಲ್ಲಿ ಪ್ರದರ್ಶನ ಐತೆ" ಎಂದುಬಿಟ್ಟೆ. ನಾಲಿಗೆ ಒಂದು ಸಲವೂ ತಡವರಿಸಲಿಲ್ಲ.

"ಬೆಂಗಳೂರಾ?" ಅಂದಳು. "ಅಷ್ಟು ದೂರ ಅವ್ವಗೆ ಯಾರು ಅದಾರೆ?" ಸ್ವಲ್ಪ ಹೊತ್ತು ಕೂತು, "ಹೋಗ್ಲಿ, ಊರು ನೋಡಿ ಬರ್ಲಿ. ಎಂದೂ ಹೋದಾಕಿ ಅಲ್ಲ" ಎಂದು ತಾನೇ ಸಮಾಧಾನ ಮಾಡಿಕೊಂಡು, ತಂದಿದ್ದ ಅರಿಶಿನದ ಪೊಟ್ಟಣ ನನ್ನ ಕೈಗೆ ಕೊಟ್ಟಳು. ಆ ಹುಡುಗಿ ಅರಿಶಿನ ಹಚ್ಚದೆ, ಯಾರಿಂದಲೂ ಗುದ್ದು ತಿನ್ನದೆ ಮೆಟ್ಟಿಲಿಳಿದು ಹೋದಳು. ಕೆಳಗೆ ಹನುಮಕ್ಕನ ಬಾಯಿಂದ ಸುದ್ದಿ ಕೇಳಿದ್ದ ರಹಮತ್ ನನ್ನನ್ನು ಕಂಡು, "ಅಕ್ಕಾ, ದ್ಯಾವ್ರು ಪರ ಊರಿಗೆ ಹೋಗ್ಯಾಳೆ ಅಂದ ಮ್ಯಾಲೆ ತಿರುಗಿ ಬರೋ ದಿನಾನೂ ಹೇಳಬೇಕಾಗ್ತೈತೆ" ಅಂದ.

ಆ ದಿನ ಬರಲಿಲ್ಲ, ತರಲು ನನ್ನಿಂದಾಗಲಿಲ್ಲ. ಮುಂದಿನ ವರ್ಷ ಹನುಮಕ್ಕ ಬಂದಾಗ ಹೊಸಬರು ಇಬ್ಬರು, ಹಿಂದಿನ ವರ್ಷದವಳು ಒಬ್ಬಳು, ಒಟ್ಟು ಮೂವರು ಸೊಸೆಯಂದಿರು ಜೊತೆಗಿದ್ದರು. ಹಿಂದಿನ ವರ್ಷದವಳ ಕಂಕುಳಲ್ಲಿ ಆಗಲೇ ಮಗುವಿತ್ತು. ಮಗುವಿನ ತಾಯಿಯಾದರೂ ಅವಳು ಹಬ್ಬದ ಒಲೆ ಮುಟ್ಟುವಂತಿಲ್ಲ. ಅವಳ ಅತ್ತೆ ಅದನ್ನೇ ಹಿಡಿದುಕೊಂಡು ಮಾತು ಮಾತಿಗೆ ನೆಂಟರಾಕಿ ಎಂದು ಚುಚ್ಚುತ್ತಾಳಂತೆ. "ಇನ್ನೂ ಬಂದಿಲ್ಲೇನ್ರಿ?" ಎಂದು ಆ ಹುಡುಗಿಯೇ ಕೇಳಿದಳು. ಬರ್ತೈತೆ, ಸ್ವಲ್ಪ ದಿನ ಎಂದೆ. ಮಾತಾಡುತ್ತಿದ್ದಷ್ಟು ಹೊತ್ತೂ ಅವಳ ಬೆನ್ನಿನ ಹಿಂದೆ ಗಾಜಿನೊಳಗೆ ಹಿರಿಯವ್ವ ಹೊಳೆಯುತ್ತಿದ್ದಳು. ಕೈ ಎತ್ತಿ ತೋರಿಸಿದ್ದರೆ ಮುಗಿದಿತ್ತು. ಆ ಕೈ ಎತ್ತಲು ನನಗೆ ಆಗಲಿಲ್ಲ. ಸುಳ್ಳು ಹೇಳುವುದು ಇಷ್ಟು ದಣಿವಿನ ಕೆಲಸವೆಂದು ನನಗೆ ಗೊತ್ತಿರಲಿಲ್ಲ. ಆ ವರ್ಷವೆಲ್ಲ ಬೆಳಿಗ್ಗೆ ಎದ್ದರೇ ಸುಸ್ತಾಗಿರುತ್ತಿತ್ತು.

ಅದರ ಮುಂದಿನ ವರ್ಷ ಹನುಮಕ್ಕ ಒಬ್ಬಳೇ ಬಂದಳು. ಮೇಷ್ಟ್ರು ಆ ಹೊತ್ತಿಗೆ ಕಣ್ಣು ಮಂಜಾಗಿ ಹೊನ್ನಾಳಿಯಲ್ಲಿ ಮಗಳ ಮನೆ ಸೇರಿದ್ದರು. ಮಹಡಿಯಲ್ಲಿ ನಾನೊಬ್ಬಳೇ. ಹನುಮಕ್ಕ ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತಿದಳು. ದೊಡ್ಡ ದನಿ ಕುಗ್ಗಿತ್ತು. ಅವ್ವ ಬಂದಳಾ ಎಂದು ಈ ಸಲ ಕೇಳಲೂ ಇಲ್ಲ. ಹಿರಿಯವ್ವನ ಕಪಾಟಿನ ಮುಂದೆಯೇ ನೆಲದ ಮೇಲೆ ಕೂತು ಉಸಿರು ತಿರುಗಿಸಿಕೊಂಡಳು. ಆಮೇಲೆ ಗಾಜಿನೊಳಗೆ ನೋಡಿ ಕೇಳಿದಳು.

"ಇವಳು ಯಾವೂರಾಕಿ?"

ಒಂದು ಲೋಟ ನೀರು ತಂದು ಅವಳ ಮುಂದಿಟ್ಟೆ.

"ಪ್ರತಿ ಸಲಾನೂ ನೋಡ್ತೀನಿ. ಹಣಿಮ್ಯಾಲೆ ಒಂದು ಚಿಟಿಗೆ ಕುಂಕುಮ ಇಲ್ಲ. ಇವಳ ಕಡೇರು ಯಾರೂ ಬರಲ್ಲೇನು?"

ಅಷ್ಟು ಕೇಳಿದ ಮೇಲೆ ನನ್ನಿಂದ ತಡೆಯಲು ಆಗಲಿಲ್ಲ. ಅವಳ ಪಕ್ಕದಲ್ಲೇ ಕೂತೆ. "ಹನುಮಕ್ಕಾ, ಇವಳೇ ನಿಮ್ಮವ್ವ" ಎಂದೆ. "ಬೆಂಗಳೂರಿಗೆ ಹೋಗಿಲ್ಲ. ಎಲ್ಲೂ ಹೋಗಿಲ್ಲ. ನಾನೇ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೆ. ನಿಮ್ಮದು, ನಿಮ್ಮತ್ತೇದು, ಎಲ್ಲಾರದ್ದೂ ಬಚ್ಚಲ ನೀರಾಗೆ ಹೋತು. ಹೇಳಾಕೆ ಧೈರ್ಯ ಬರಲಿಲ್ಲ. ಸುಳ್ಳು ಹೇಳಿದೆ."

ಅವಳು ನನ್ನನ್ನು ನೋಡಿದಳು. ಎದ್ದು ಗಾಜಿಗೆ ಹಣೆ ಹಚ್ಚಿ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಶಾಪ ಹಾಕುತ್ತಾಳೆ ಎಂದು ಕಾದೆ. ಹಾಕಲಿ ಎಂದೇ ಕಾದೆ. ತಿರುಗಿ ಬಂದು ನನ್ನ ತಲೆಯ ಮೇಲೆ ಕೈ ಇಟ್ಟಳು.

"ಅಳಬ್ಯಾಡ. ಈ ಮುದುಕಿ ಮತ್ತೆ ಬರ್ತಾಳೋ ಇಲ್ಲೋ, ಬರಿಗೈಲಿ ಕಳಿಸಬಾರ್ದು ಅಂತ ಹಿಂಗೆ ಹೇಳ್ತೀಯ. ನನಗೆ ತಿಳಿಯಲ್ಲೇನು? ಸೊಸೆಯಾಗಿ ಬಂದಾಗ್ಲಿಂದ ನೋಡಿದ ಮುಖ ಅದು. ನಮ್ಮವ್ವಗೆ ವಯಸ್ಸಾಗೈತೆ. ಇವಳು ನಿನ್ನೆ ಮೊನ್ನೆ ಮದುವೆ ಆದಂಗೆ ಅದಾಳೆ." ನನ್ನ ಕಣ್ಣನ್ನು ಸೆರಗಿನಲ್ಲಿ ಒರೆಸಿದಳು. "ನಿನಗೆ ಸುಳ್ಳು ಹೇಳಾಕೆ ಬರಲ್ಲ ತಾಯೀ. ಮುಖದ ಮ್ಯಾಲೆ ಕಾಣ್ತೈತೆ."

"ಖರೇನೇ ಹೇಳ್ತಿದೀನಿ ಹನುಮಕ್ಕಾ. ರಿಜಿಸ್ಟರು ತೋರಿಸ್ತೀನಿ."

"ನನಗೆಲ್ಲಿ ಓದಾಕೆ ಬರ್ತೈತೆ? ಬಿಡು. ಬಾಗ್ಲು ತೆಗಿ."

ಬಾಗಿಲು ತೆಗೆದೆ. ಅವಳು ಸೊಂಟದ ಗಂಟಿನಿಂದ ಅರಿಶಿನ ತೆಗೆದು, ಹೆಬ್ಬೆಟ್ಟಿಗೆ ಹಚ್ಚಿಕೊಂಡು, ಹಿರಿಯವ್ವನ ಹಣೆಗೆ ಒತ್ತಿದಳು. "ಯಾರ ಮನೆ ಮಗಳೋ, ಪರ ಊರಾಗೆ ಬಂದು ಕೂತೀಯ" ಎಂದು ಅವಳಿಗೇ ಹೇಳಿದಳು. ಉಳಿದ ಅರಿಶಿನವನ್ನು ಮತ್ತೆ ಗಂಟು ಕಟ್ಟಿ ನನಗೆ ಕೊಟ್ಟಳು. ಅದು ನಮ್ಮವ್ವನದು, ತೆಗೆದಿಡು, ಆ ಮೂವರು ಹುಡುಗಿಯರು ಇನ್ನೂ ಕಾಯುತ್ತಿದ್ದಾರೆ ಎಂದಳು.

ಬಸ್ ಸ್ಟ್ಯಾಂಡಿನವರೆಗೆ ಅವಳ ಕೈ ಹಿಡಿದು ನಡೆಸಿಕೊಂಡು ಹೋದೆ. ದಾರಿಯಲ್ಲಿ ಇನ್ನೊಂದು ಸಲ ಹೇಳಿದೆ, ಅವಳು ನನ್ನ ಕೈ ತಟ್ಟಿದಳು ಅಷ್ಟೆ. ದಾವಣಗೆರೆ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ತಲೆ ಹೊರಗೆ ಹಾಕಿದಳು.

"ಅವ್ವ ಬಂದ ದಿನ ಒಂದು ಕಾಗದ ಹಾಕು. ನಾನು ಇಲ್ದಿದ್ರೂ ಹುಡುಗೇರು ಬರ್ತಾರೆ."

ಹಾಕ್ತೀನಿ ಎಂದೆ. ಅವಳು ಮತ್ತೆ ಬರಲಿಲ್ಲ. ಕಾಗದ ಬರೆಯಲು ಎಷ್ಟೋ ಸಲ ಕೂತಿದ್ದೇನೆ. 'ಅವ್ವ ಬಂದಿದ್ದಾಳೆ, ಹುಡುಗಿಯರನ್ನು ಕಳಿಸಿ' ಎಂದು ಬರೆದರೆ ಅವರು ಬಂದು ಯಾರನ್ನು ನೋಡಬೇಕು? ಹೋಗಿಯೇ ಇರಲಿಲ್ಲ ಎಂದು ಬರೆದರೆ ಹನುಮಕ್ಕನೇ ನಂಬಲಿಲ್ಲ, ಅವರು ನಂಬುತ್ತಾರೆಯೇ? ಆ ಹುಡುಗಿಯರಿಗೆ ಈಗ ಸೊಸೆಯಂದಿರು ಬಂದಿರುವ ವಯಸ್ಸು. ಒಲೆಯಿಂದ ಮಾರು ದೂರ ಕೂತಿದ್ದಾರೋ, ಯಾರಾದರೂ ಹತ್ತಿರ ಕರೆದರೋ, ನನಗೆ ಗೊತ್ತಿಲ್ಲ. ನಾನು ಕಾಗದ ಹಾಕಲಿಲ್ಲ.